ನಿಮಗಿಂತ ಮೊದಲು ಯಾರಿದ್ದರು?

ಹೋದ ವಾರ ಅಡಿಗೆಮನೆಯಲ್ಲಿ ಒಂದು ಡಬ್ಬಿಯ ಮುಚ್ಚಳ ತೆಗೆದೆ. ಹುಳಿ ವಾಸನೆ ಮುಖಕ್ಕೇ ಬಂತು. ಎರಡು ದಿನದ ಹಿಂದೆ ಕಲಸಿಟ್ಟು ಮರೆತಿದ್ದ ಜೋಳದ ಹಿಟ್ಟು ಮಳೆಗಾಲದ ಸೆಕೆಗೆ ಉಬ್ಬಿ, ಮೇಲೆಲ್ಲ ಗುಳ್ಳೆ ಎದ್ದಿತ್ತು. ಎಮ್ಮೆಯ ಬಾನಿಗೆ ಸುರಿಯಬೇಕಾದದ್ದು. ನಾನು ಡಬ್ಬಿ ಹಿಡಿದುಕೊಂಡು ನಿಂತುಬಿಟ್ಟೆ. ಈ ವಾಸನೆ ನಮ್ಮ ಮನೆಯಲ್ಲಿ ಒಂದೇ ಒಂದು ಮಳೆಗಾಲ ಇತ್ತು. ಮೂರು ವರ್ಷದ ಹಿಂದೆ, ಇರ್ಮಾ ನಮ್ಮಲ್ಲಿದ್ದಾಗ.

ನಾನು ಭಾಲ್ಕಿ ಕಡೆಯವಳು. ಆಗ ಮದುವೆಯಾಗಿ ಗಡಿಯಾಚೆಯ ಮರಾಠಿ ಸೀಮೆಗೆ, ಉಮರ್ಗಾ ತಾಲೂಕಿನ ಗುಂಜೋಟಿಗೆ ಬಂದು ಹನ್ನೆರಡು ವರ್ಷವಾಗಿತ್ತು. ನಮ್ಮಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಗಂಡ ಶಿವರಾಜ ನಿಲಂಗಾದ ಧಾನ್ಯದ ಪೇಟೆಯಲ್ಲಿ ಗುಮಾಸ್ತರು. ಶನಿವಾರ ಬಂದು ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತಾರೆ. ಹೊಲ ನೋಡಿಕೊಳ್ಳುವವರು ಅತ್ತೆ, ಗೌರಮ್ಮ. ಅವರು ಬೆಳಿಗ್ಗೆ ಲಿಂಗಪೂಜೆ ಮುಗಿಯುವವರೆಗೆ ಮಾತಾಡುವುದಿಲ್ಲ, ಮುಗಿದ ಮೇಲೆ ಮಾತು ನಿಲ್ಲಿಸುವುದಿಲ್ಲ. ಓದು ಬರಹ ಬಾರದು. ಯಾವ ಎಕರೆಗೆ ಯಾವ ವರ್ಷ ಏನು ಬಿತ್ತಿದ್ದೆವು ಎಂದು ಕೇಳಿದರೆ ಬೆರಳು ಮಡಿಚದೆ ಹೇಳುತ್ತಾರೆ.

ಆ ವರ್ಷ ಬೇಸಿಗೆಯ ಕೊನೆಗೆ ಉದಗೀರಿನಿಂದ ಫೋನು ಬಂತು. ಅಲ್ಲಿಯ ಕಾಲೇಜಿನಲ್ಲಿ ನನಗೆ ಇತಿಹಾಸ ಕಲಿಸಿದ ಸರ್ ಮಾತಾಡಿದರು. ಬ್ರೆಜಿಲ್ ದೇಶದ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ, ಅವಳ ಹಿರಿಯರು ಜರ್ಮನಿಯಿಂದ ಹೋಗಿ ಆ ದೇಶದಲ್ಲಿ ನೆಲೆಸಿದವರು. ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಬೇರು ಬಿಟ್ಟ ಜನ ತಮ್ಮ ಮನೆಮಾತನ್ನು ಎಷ್ಟು ತಲೆಮಾರು ಉಳಿಸಿಕೊಳ್ಳುತ್ತಾರೆ ಎಂಬುದು ಅವಳ ಸಂಶೋಧನೆ. ಒಂದು ವರ್ಷ ಕಲಬುರಗಿಯಲ್ಲಿದ್ದು ಕನ್ನಡ ಕಲಿತಿದ್ದಾಳೆ. ಮಳೆಗಾಲ ಮುಗಿಯುವವರೆಗೆ ಒಂದು ಕನ್ನಡದ ಮನೆಯಲ್ಲಿ ಇರಬೇಕಂತೆ. ಕಾಗದಪತ್ರಗಳೆಲ್ಲ ಸರಿಯಾಗಿವೆ, ಅದು ನನ್ನ ಜವಾಬ್ದಾರಿ ಎಂದರು ಸರ್. ನಮ್ಮ ಮೇಲಿನ ಖೋಲಿ ಖಾಲಿಯಿತ್ತು. ಅತ್ತೆಯನ್ನು ಕೇಳಿದೆ. "ಬರ್ಲಿ ಬಿಡು, ಒಂದ್ ಹೊಟ್ಟಿ ನಮಗ ಭಾರೇನು?" ಎಂದರು.

ಮಿರಗದ ಮೊದಲ ಮಳೆ ಬಿದ್ದ ಮರುದಿನ ಉಮರ್ಗಾದಿಂದ ಬಂದ ಬಸ್ಸಿನಿಂದ ಇಳಿದಳು. ನಲವತ್ತರ ಆಸುಪಾಸು, ಎತ್ತರದ ಹೆಂಗಸು, ಬಿಸಿಲಿಗೆ ಕೆಂಪಾದ ಮುಖ, ಕೆಸರಿನಲ್ಲಿ ಅದ್ದಿದ ಚಪ್ಪಲಿ. ಅಂಗಳದಲ್ಲಿ ನಿಂತು ಕೈ ಮುಗಿದು, "ನಮಸ್ಕಾರ. ನಾನು ತಮ್ಮ ಮನೆಯಲ್ಲಿ ವಾಸಿಸಲು ಬಂದಿರುವೆನು" ಎಂದಳು.

ಅತ್ತೆ ಬಾಯಿಗೆ ಸೆರಗು ಹಿಡಿದರು. "ಮಾದೇವಿ, ಇದು ಪುಸ್ತಕ ಮಾತಾಡಿದಂಗ ಮಾತಾಡ್ತದಲ್ಲೇ!" ಆಮೇಲೆ ಅವಳಿಗೆ, "ನಿನ್ನ ಹೆಸರೇನವ್ವ?"

"ಇರ್ಮಾ."

"ಊರ್ಮಿ," ಎಂದರು ಅತ್ತೆ. ಅಲ್ಲಿಗೆ ಹೆಸರು ನಿಂತಿತು. "ನಿಮ್ಮ ದೇಶ ಎಲ್ಲಿ ಬರ್ತದ? ಪುಣೆ ಆಚೀಕಡಿ ಏನು?"

"ಬಹಳ ಆಚೆ, ಅವ್ವ. ಸಮುದ್ರ ದಾಟಬೇಕು, ಒಂದು ಖಂಡ ದಾಟಬೇಕು, ಮತ್ತೆ ಸಮುದ್ರ ದಾಟಬೇಕು."

"ಅಷ್ಟ್ ದೂರದಾಕಿಗಿ ನಮ್ಮಲ್ಲೇನು ಕೆಲಸ?" ಎಂದು ಅತ್ತೆ ನಗುತ್ತಲೇ ಕೇಳಿದರು. ಮುಂದೆ ಊರೆಲ್ಲ ನಗದೆ ಕೇಳಿದ್ದು ಅದೇ ಮಾತನ್ನು.

ಮೊದಲ ತಿಂಗಳು ಚೆನ್ನಾಗಿಯೇ ಹೋಯಿತು. ಆರಿದ್ರಾ ಮಳೆಗೆ ಉದ್ದು, ಸೋಯಾ ಮೇಲೆದ್ದವು. ಇರ್ಮಾ ಅತ್ತೆಯ ಹಿಂದೆಯೇ ಹೊಲಕ್ಕೆ ಹೋಗುವಳು, ಕಳೆ ಕೀಳುವಳು, ಕೂತಲ್ಲಿ ನಿಂತಲ್ಲಿ ಬರೆಯುವಳು. ಅವಳ ಪುಸ್ತಕದ ಮಾತು ನೋಡುನೋಡುತ್ತ ನಮ್ಮ ಮಾತಾಯಿತು. "ಬಂದಿರುವೆನು" ಹೋಗಿ "ಬಂದೀನಿ" ಬಂತು. ಒಂದು ದಿನ ಜೋಳದ ಹಿಟ್ಟು ಕಲಸಿ, ಬಟ್ಟೆ ಮುಚ್ಚಿ, ಮೂಲೆಯಲ್ಲಿಟ್ಟಳು. ಮೂರನೆಯ ದಿನ ಹುಳಿ ವಾಸನೆ ಮನೆ ತುಂಬಿತು. ಆ ಹಿಟ್ಟನ್ನು ದಪ್ಪ ತಳದ ಡಬರಿಗೆ ತಟ್ಟಿ, ಕೆಳಗೆ ಕೆಂಡ, ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸಿದಳು. ಇಟ್ಟಿಗೆಯಂಥ ರೊಟ್ಟಿ. ಅತ್ತೆ ಒಂದು ತುಣುಕು ಬಾಯಿಗೆ ಹಾಕಿಕೊಂಡು, "ಹಲ್ಲಿದ್ದವ್ರ ತಿನ್ನೂ ರೊಟ್ಟಿ ಇದು" ಎಂದರು.

ಅದನ್ನು ತಿನ್ನುತ್ತಲೇ ಇರ್ಮಾ ತನ್ನ ಮನೆತನದ ಕತೆ ಹೇಳತೊಡಗಿದ್ದು. ಅವಳ ಮುತ್ತಜ್ಜನ ಅಪ್ಪನ ಊರಿನಲ್ಲಿ ಹೊಲ ಅಣ್ಣತಮ್ಮಂದಿರಲ್ಲಿ ಹರಿದು ಹರಿದು, ನೇಗಿಲು ತಿರುಗಿಸಲೂ ಜಾಗವಿಲ್ಲದಷ್ಟು ಚಿಕ್ಕದಾಗಿತ್ತಂತೆ. ಆಗ ಒಬ್ಬ ದಲ್ಲಾಳಿ ಊರೂರು ತಿರುಗುತ್ತ ಬಂದ. ಸಮುದ್ರದ ಆಚೆ ಸರ್ಕಾರ ನೆಲ ಕೊಡುತ್ತದೆ, ಯಾರೂ ಕಾಲಿಡದ ನೆಲ, ಬೇಕಾದಷ್ಟು ಎಂದ. ಹದಿನಾಲ್ಕು ಮನೆಗಳು ಹೊರಟವು. ಎರಡು ತಿಂಗಳ ಮೇಲೆ ಹಡಗಿನಲ್ಲಿದ್ದರು. ಒಂದು ಕೂಸು ದಾರಿಯಲ್ಲೇ ಹೋಯಿತು, ಅದನ್ನು ನೀರಿಗೆ ಬಿಟ್ಟರು. ಅಲ್ಲಿ ಇಳಿದ ಮೇಲೆ ನದಿಯ ದಂಡೆಯ ಒಂದು ದೊಡ್ಡ ಷೆಡ್ಡಿನಲ್ಲಿ ತಿಂಗಳುಗಟ್ಟಲೆ ಕೂರಿಸಿದರು. ಕೊನೆಗೊಂದು ನಂಬರು ಕೊಟ್ಟರು. ಆ ನಂಬರೇ ಹೊಲ. ಹೋಗಿ ನೋಡಿದರೆ ಕಾಡು. ಗೋಧಿ ಬೆಳೆಯಲಿಲ್ಲ. ಗೋಧಿ ರೊಟ್ಟಿ ತಿಂದು ಬೆಳೆದ ಜನ ಮೆಕ್ಕೆಜೋಳದ ಹಿಟ್ಟು ಹುಳಿಸಿ ಬೇಯಿಸಿಕೊಂಡು ತಿಂದರು.

"ಯಾರೂ ಇರ್ಲಿಲ್ಲೇನು ಆ ನೆಲದಾಗ?" ಅತ್ತೆ ಕೇಳಿದರು.

ಇರ್ಮಾ ಕೈಯ ರೊಟ್ಟಿ ತಟ್ಟೆಗಿಟ್ಟಳು. "ಇದ್ರು, ಅವ್ವ. ಕಾಡಿನ ಮಂದಿ ಇದ್ರು. ಅವರ ಒಲಿಯ ಕಲ್ಲು ನಮ್ಮ ಮುತ್ತಜ್ಜಗ ಹೊಲ ಹೊಡಿಯೂವಾಗ ಸಿಕ್ಕಿದ್ದವು. ಅವರನ್ನ ಓಡಿಸ್ಲಿಕ್ಕ ಮಂದಿ ಇಟ್ಟಿದ್ರು, ಬಂದೂಕಿನ ಮಂದಿ. ನಮ್ಮ ಮನಿಯಾಗ ಹಡಗಿನ ಕತಿ ಸಾವಿರ ಸಲ ಹೇಳ್ಯಾರ. ಈ ಕತಿ ಒಮ್ಮಿನೂ ಹೇಳಿಲ್ಲ. ನಾ ದೊಡ್ಡಾಕಿ ಆದಮ್ಯಾಲ ಕಾಗದ ಓದಿ ತಿಳ್ಕೊಂಡೆ. ಅದಕ್ಕ ನಾ ಎಲ್ಲಿ ಹೋದ್ರೂ ಒಂದ್ ಮಾತು ಕೇಳ್ತೀನಿ: ನಿಮಗಿಂತ ಮೊದಲು ಇಲ್ಲಿ ಯಾರಿದ್ರು?"

ಆ ಹೊತ್ತಿಗೆ ಅದು ನನಗೆ ಒಳ್ಳೆಯ ಪ್ರಶ್ನೆ ಅನ್ನಿಸಿತು. ನಾನೂ ಇತಿಹಾಸ ಓದಿದವಳಲ್ಲವೆ? ಆದರೆ ಹೊಲವಿದ್ದ ಯಾವ ಊರಿನಲ್ಲೂ ಆ ಪ್ರಶ್ನೆಯನ್ನು ಸುಮ್ಮನೆ ಕೇಳಲಾಗುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಆ ಪ್ರಶ್ನೆ ಮೊದಲು ತೊಡಕಾದದ್ದು ಮಾಕಣಿ ಎಂಬ ಊರಿನಲ್ಲಿ. ಅಲ್ಲಿಯ ಅಣೆಕಟ್ಟಿನ ಹಿನ್ನೀರಿಗೆ ಹೊಲ ಕೊಟ್ಟು ಎದ್ದು ಬಂದ ಮನೆಗಳನ್ನು ನೋಡಬೇಕೆಂದಳು, ಕರೆದುಕೊಂಡು ಹೋದೆ. ಒಂದು ಕಟ್ಟೆಯ ಮೇಲೆ ಕೂತು ನೀವು ಎಲ್ಲಿಂದ ಬಂದಿರಿ, ಇಲ್ಲಿ ಮೊದಲು ಯಾರಿದ್ದರು, ಮಕ್ಕಳ ಜೊತೆ ಯಾವ ಮಾತಾಡುತ್ತೀರಿ ಎಂದು ಕೇಳಿ ಬರೆದುಕೊಂಡಳು. ಅರ್ಧ ಗಂಟೆಯಲ್ಲಿ ಇಪ್ಪತ್ತು ಜನ ಸೇರಿದರು. ಪರಿಹಾರದ ಹೊಸ ಯಾದಿ ಬಂದಿದೆಯೇ ಎಂದು ಒಬ್ಬ ಕೇಳಿದ. ಇಲ್ಲ, ಇದು ಅಭ್ಯಾಸಕ್ಕೆ ಎಂದೆ. "ಮಗ ಲಿಹಿತೇ ಕಶಾಲಾ?" ಎಂದ. ಮತ್ತೆ ಬರೆಯುವುದು ಯಾಕೆ? ಅವನ ದನಿ ಬದಲಾಗಿತ್ತು. ನಾವು ಬಸ್ಸು ಹತ್ತುವವರೆಗೆ ಇಬ್ಬರು ಹಿಂದೆಯೇ ಬಂದರು.

ಅಲ್ಲಿಂದ ಮಾತು ನಮ್ಮೂರಿಗೆ ನಮಗಿಂತ ಮೊದಲೇ ಬಂದಂತಿತ್ತು. ಗಿರಣಿಗೆ ಹಿಟ್ಟು ಬೀಸಲು ಹೋದರೆ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸುವರು. ಮತಾಂತರ ಮಾಡಲು ಬಂದಿದ್ದಾಳೆ ಎಂದು ಒಬ್ಬಳು, ಹೆದ್ದಾರಿಗೆ ನೆಲ ಅಳೆಯಲು ಬಂದಿದ್ದಾಳೆ ಎಂದು ಇನ್ನೊಬ್ಬಳು. ಯಾವುದೂ ನನ್ನ ಮುಖದ ಮೇಲೆ ಹೇಳಿದ್ದಲ್ಲ, ಬೆನ್ನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದು. ನಮ್ಮ ಎದುರು ಮನೆಯ ಮಾಣಿಕ ಕಾಕಾ ಮಾತ್ರ ಕರೆದು ಕೂರಿಸಿಕೊಂಡು ಹೇಳಿದರು.

"ಸೂನಬಾಯಿ, ನಮ್ಮ ಓಣಿ ಸೊಸಿ ಅಂತ ಹೇಳ್ತೀನಿ. ಆಕಿ ಹೋಗಿ ಬಂದ ಮನಿ ಎಲ್ಲಾ ನಾ ನೋಡೀನಿ. ಮೊದಲ ಕನ್ನಡದ ಮನಿ, ಆಮ್ಯಾಲ ಬಾಕೀದು. ಕನ್ನಡ ಮನಿ ಯಾಕ ಎಣಿಸ್ಬೇಕು ಆಕಿ?"

"ಎಣಸೂದಿಲ್ಲ ಕಾಕಾ, ಮಾತು ಕೇಳ್ತಾಳ ಅಷ್ಟ."

"ನೀ ಅಂತಿ. ಮಂದಿ ಹಂಗನ್ನೂದಿಲ್ಲ. ಇದು ಬಾರ್ಡರದ ಭಾಗ ಅದ. ನೀ ಕರ್ನಾಟಕದಾಕಿ. ಆಕಿನ್ನ ಕರ್ಕೊಂಡ್ ಬಂದಾಕಿನೂ ನೀನ. ಎರಡೂ ಕೂಡಿಸಿ ನೋಡ್ತಾರ. ನಾಳೆ ಏನರೆ ಆತಂದ್ರ ಆಕಿ ಇಮಾನ ಹತ್ತಿ ಹೋಗ್ತಾಳ. ನೀ ಎಲ್ಲಿ ಹೋಗ್ತಿ?"

ಹನ್ನೆರಡು ವರ್ಷದಲ್ಲಿ ಯಾರೂ ನನ್ನನ್ನು ಕರ್ನಾಟಕದವಳು ಎಂದು ಕರೆದಿರಲಿಲ್ಲ. ಅಂದಿದ್ದರೂ ನಗುತ್ತ ಅಂದಿದ್ದರು. ಅಂದು ಮನೆಗೆ ಬಂದು ಇರ್ಮಾಳನ್ನು ಬೇರೆ ಕಣ್ಣಿನಿಂದ ನೋಡಿದೆ. ನಿಜ, ಅವಳು ಊಟ ಮಾಡುತ್ತಲೂ ಬರೆಯುತ್ತಿದ್ದಳು. ನಿಜ, ನನ್ನನ್ನು ಕೇಳಿದ್ದನ್ನೇ ಅತ್ತೆಯನ್ನೂ ಬೇರೆಯಾಗಿ ಕೇಳಿ ಎರಡೂ ಉತ್ತರ ಕೂಡುತ್ತವೆಯೇ ಎಂದು ನೋಡುತ್ತಿದ್ದಳು. ಸಂಶೋಧನೆ ಎಂದರೆ ಹಾಗೆಯೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಚುಚ್ಚಿತು.

ಶ್ರಾವಣದಲ್ಲಿ ಒಮ್ಮೆ ಸರ್ ಅವರನ್ನು ಕಾಣಲು ಉದಗೀರಿಗೆ ಹೋಗಿದ್ದೆವು. ಬರುವಾಗ ಬಸ್ಸು ನಿಲಂಗಾ ದಾಟುವವರೆಗೆ ಮಳೆ ಬಿಡಲಿಲ್ಲ. ಕಿಟಕಿಯ ಸಂದಿಯಿಂದ ನೀರು ಸೋರಿ ಇಬ್ಬರ ಮಡಿಲೂ ಒದ್ದೆಯಾಗಿತ್ತು. ಊರಲ್ಲಿ ಜನ ಹೀಗೆಲ್ಲ ಅನ್ನುತ್ತಿದ್ದಾರೆ, ಸ್ವಲ್ಪ ದಿನ ಬರೆಯುವುದನ್ನು ನಿಲ್ಲಿಸು ಎಂದು ಅವಳಿಗೆ ಹೇಳಿದೆ.

"ಅಂತಾರ," ಎಂದಳು. ಆಶ್ಚರ್ಯವೇನೂ ಪಡಲಿಲ್ಲ. "ನಮಗೂ ಅಂದಿದ್ರು. ನಮ್ಮವರು ಆ ದೇಶಕ್ಕ ಬಂದು ಮೂರು ತಲಿಮಾರು ಆಗಿತ್ತು. ದೊಡ್ಡ ಲಡಾಯಿ ಬಂತು. ಆವಾಗ ಜರ್ಮನ್ ಮಾತಾಡಿದವ್ರೆಲ್ಲ ದುಶ್ಮನ್ ಆದ್ರು. ಶಾಲಿ ಮುಚ್ಚಿದ್ರು. ಬಾಜಾರದಾಗ ಮನಿ ಮಾತು ಆಡಿದ್ರ ಹಿಡಕೊಂಡ್ ಹೋಗ್ತಿದ್ರು. ನಮ್ಮ ಮುತ್ತಜ್ಜಿಗಿ ಬ್ಯಾರೆ ಭಾಷಾ ಬರ್ತಿರ್ಲಿಲ್ಲ. ಆಕಿ ಎರಡು ವರ್ಷ ಅಂಗಡಿಗಿ ಹೋಗಿ ಬೆರಳು ಮಾಡಿ ತೋರ್ಸಿ ಉಪ್ಪು ತಂದಾಳ. ಮನಿಯಾಗಿನ ಪುಸ್ತಕ, ಹಾಡಿನ ಹೊತ್ತಿಗಿ ಎಲ್ಲಾ ಪೆಟಗಿಯೊಳಗ ಹಾಕಿ ಹಂದಿ ಕಟ್ಟೂ ಜಾಗಾದಾಗ ಹುಗಿದಿದ್ರು. ಯಾರೋ ಹೋಗಿ ಹೇಳಿದ್ರು. ಪೊಲೀಸರು ಬಂದು ಸೀದಾ ಅದೇ ಜಾಗಾ ಅಗದ್ರು. ಮುತ್ತಜ್ಜನ್ನ ಒಯ್ದ್ರು. ಆರು ವಾರ ಆದಮ್ಯಾಲ ಬಿಟ್ಟರು. ಅಂವಾ ಬಂದಮ್ಯಾಲ ಮಾತಾಡೂದೇ ಕಡಿಮಿ ಮಾಡಿದ, ಯಾವ ಭಾಷಾದಾಗೂ."

ಪಾಪ ಅನ್ನಿಸಿತು. ಅದರ ಜೊತೆಗೇ ಇನ್ನೊಂದು ಯೋಚನೆಯೂ ಬಂತು, ಅದನ್ನೂ ಬರೆಯಬೇಕು. ಎಂಥ ಒಳ್ಳೆಯ ಕತೆ, ಎಲ್ಲರ ಬಾಯಿ ಬಿಡಿಸಲು ಇದನ್ನೇ ಎಲ್ಲ ಕಡೆ ಹೇಳುತ್ತಾಳೋ ಏನೋ ಅನ್ನಿಸಿತು.

ಅತ್ತೆ ಬಾಯಿ ಬಿಟ್ಟದ್ದು ಪುಬ್ಬಿ ಮಳೆಯ ಒಂದು ಮಧ್ಯಾಹ್ನ. ಭಾವಿಯ ಹತ್ತಿರದ ಹೊಲದಲ್ಲಿ ಮೂವರೂ ಉದ್ದು ಕೀಳುತ್ತಿದ್ದೆವು. ಬೇವಿನ ನೆರಳಿಗೆ ಬಂದು ಬುತ್ತಿ ಬಿಚ್ಚಿದಾಗ ಇರ್ಮಾ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು: "ಅವ್ವ, ಈ ಹೊಲದಾಗ ನಿಮಗಿಂತ ಮೊದಲು ಯಾರಿದ್ರು?"

"ಖಾಜಿಯವ್ರು," ಎಂದರು ಅತ್ತೆ, ರೊಟ್ಟಿ ಮುರಿಯುತ್ತ. "ಖಾಜಿ ಹೊಲ ಅಂತೀವಲ್ಲ, ಹೆಸರೇ ಹೇಳ್ತದ. ನಿಜಾಮನ ರಾಜ್ಯ ಹೋಗಿ ಗದ್ದಲ ಆತಲ್ಲ, ಆವಾಗ ಅವ್ರು ಹೈದರಾಬಾದಕ್ಕ ಹೋದ್ರು. ನಮ್ಮ ಮಾವನ ಕೈಯಾಗ ಹೊಲ ಕೊಟ್ಟು, 'ನೋಡ್ಕೋ ಭಾಯಿ, ಬರ್ತೀವಿ' ಅಂದು ಹೋದ್ರಂತ. ಬರ್ಲಿಲ್ಲ. ನಮ್ಮ ಮಾವ ಹತ್ತು ವರ್ಷ ಪೀಕಿನೊಳಗ ಅವ್ರ ಪಾಲು ಬ್ಯಾರೆ ತಗದು ಇಟ್ಟಾನ. ಆಮ್ಯಾಲ ಇಡೂದು ಬಿಟ್ಟ. ಆಮ್ಯಾಲ ಕಾಗದದಾಗ ನಮ್ಮ ಹೆಸರು ಬಂತು. ಹ್ಯಾಂಗ ಬಂತು ನಾ ಕೇಳಿಲ್ಲ. ಅಂವಾ ಹೇಳಿಲ್ಲ."

ಇರ್ಮಾ ಬರೆದುಕೊಂಡಳು. ಭಾವಿ, ಬೇವಿನ ಮರ, ಬದು ಎಲ್ಲ ಸೇರಿಸಿ ಹೊಲದ ಚಿತ್ರವನ್ನೂ ಬಿಡಿಸಿದಳು. ಅತ್ತೆ ಪಕ್ಕದಲ್ಲಿ ಕೂತು ಬೇವಿನ ಮರ ಇನ್ನೂ ಈಚೆಗಿದೆ ಎಂದು ತಿದ್ದಿದರು.

ಹನ್ನೆರಡು ವರ್ಷ ಆ ಹೊಲದಲ್ಲಿ ಬೆವರು ಹರಿಸಿದವಳು ನಾನು. ಖಾಜಿ ಹೊಲ ಎಂದು ದಿನಕ್ಕೆ ಹತ್ತು ಸಲ ಬಾಯಲ್ಲಿ ಅಂದವಳು. ಯಾವ ಖಾಜಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡೂವರೆ ತಿಂಗಳ ಹಿಂದೆ ಬಂದವಳಿಗೆ ಕೇಳಿದ ಕೂಡಲೇ ಸಿಕ್ಕಿತು.

ಶನಿವಾರ ಗಂಡ ಬಂದಾಗ ಹೇಳಿದೆ.

"ಅವ್ವಗ ಬುದ್ಧಿ ಎಲ್ಲಿ ಹೋಗ್ಯಾದ? ಅದು ಮನಿಯಾಗ ಆಡೂ ಮಾತಲ್ಲ, ಹೊಲದಾಗ ಆಡ್ಯಾಳ. ಹೇಳಿದ್ದು ಹೇಳಿದ್ಲು, ಆ ಊರ್ಮಿ ಬರಕೊಂಡಾಳ ಅಂತಿ. ಅದು ಛಾಪ ಆತಂದ್ರ? ಖಾಜಿಯವ್ರ ಮೊಮ್ಮಕ್ಕಳು ಯಾರರೆ ಓದಿದ್ರಂದ್ರ? ಸಾತ್-ಬಾರಾ ಉತಾರದಾಗ, ಹೊಲದ ಪಹಣಿಯಾಗ, ನಮ್ಮ ಹೆಸರು ಅದ, ಅದರ ಹಿಂದಿನ ಕಾಗದ ಎಲ್ಲ್ಯಾದ ನನಗೂ ಗೊತ್ತಿಲ್ಲ."

"ಆಕಿಗಿ ಹೇಳೋಣೇನು, ಅದೊಂದು ಬಿಡು ಅಂತ?"

"ಹೇಳಿದ್ರ ಇದ್ರಾಗ ಏನೋ ಅದ ಅಂತ ಹೇಳಿದಂಗ ಆತು." ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತ, "ಕರ್ಕೊಂಡ್ ಬಂದಾಕಿ ನೀನು. ನಾ ಏನೂ ಹೇಳೂದಿಲ್ಲ. ನೀ ತಿಳ್ಕೋ," ಎಂದರು.

ಇರ್ಮಾಳನ್ನು ಕೂರಿಸಿಕೊಂಡು, ಇದು ನಮಗೆ ತೊಂದರೆ ತರುತ್ತದೆ, ಬಿಟ್ಟುಬಿಡು ಎಂದಿದ್ದರೆ ಬಿಡುತ್ತಿದ್ದಳೋ ಏನೋ. ನಾನು ಕೇಳಲೇ ಇಲ್ಲ.

ಮಂಗಳವಾರ ಮಧ್ಯಾಹ್ನ ಅವಳೂ ಅತ್ತೆಯೂ ಹೊಲದಲ್ಲಿದ್ದರು. ನಾನು ಮೇಲಿನ ಖೋಲಿಗೆ ಹೋದೆ. ಬೀಗ ಹಾಕುವ ಅಭ್ಯಾಸ ಅವಳಿಗಿರಲಿಲ್ಲ. ನೋಟುಬುಕ್ಕು ಹಾಸಿಗೆಯ ಮೇಲಿತ್ತು. ಮೊದಲ ಪುಟಗಳಲ್ಲಿ ನಮ್ಮ ಓಣಿಗಳ ನಕ್ಷೆ. ಒಂದೊಂದು ಮನೆಗೂ ಮನೆಮಾತಿನ ಗುರುತಾಗಿ ಕೆಂಪು, ನೀಲಿ ಚುಕ್ಕೆ. ಮನೆಯಿಂದ ಮನೆಗೆ, ಊರಿಂದ ಊರಿಗೆ ಬಾಣದ ಗುರುತು. ನಮ್ಮ ಮನೆಯಿಂದ ಒಂದು ಬಾಣ ಭಾಲ್ಕಿಗೆ ಹೋಗಿತ್ತು. ಅದರ ಕೆಳಗೆ ಕನ್ನಡದಲ್ಲೇ ಬರೆದಿದ್ದಳು: "ಮಹಾದೇವಿ. ಕನಸು ಯಾವ ಭಾಷೆಯಲ್ಲಿ ಬೀಳುತ್ತದೆ? ಕೇಳಬೇಕು."

ಇಂದು ಓದಿದರೆ ಆ ಸಾಲಿನಲ್ಲಿ ಏನೂ ಕೆಟ್ಟದ್ದಿಲ್ಲ. ಅಂದು ನನ್ನ ಮೈ ಉರಿಯಿತು. ಕನಸಿಗೂ ಕೈ ಹಾಕಿದ್ದಾಳಲ್ಲ ಅನ್ನಿಸಿತು. ಹಿಂದಿನ ಪುಟಗಳಲ್ಲಿ ಖಾಜಿ ಹೊಲದ ಚಿತ್ರ ಸಿಕ್ಕಿತು. ಬೇವಿನ ಮರ ಅತ್ತೆ ಹೇಳಿದ ಜಾಗದಲ್ಲಿ ನಿಂತಿತ್ತು. ಆ ಪುಟ ಹರಿದೆ. ಕೆಳಗೆ ಬಂದು ನೀರೊಲೆಗೆ ಹಾಕಿದೆ, ಪೂರಾ ಬೂದಿಯಾಗುವವರೆಗೆ ನಿಂತೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪುಟ ಹೋದದ್ದು ಅವಳಿಗೆ ತಿಳಿಯುತ್ತದೆ, ತಿಳಿದರೆ ಮತ್ತೆ ಬರೆಯುತ್ತಾಳೆ, ಅವಳು ಇಲ್ಲಿಂದ ಹೋಗುವವರೆಗೆ ಇದು ಮುಗಿಯುವುದಿಲ್ಲ ಎಂದು ತಲೆಯಲ್ಲಿ ಲೆಕ್ಕ ಓಡಿತು. ಮತ್ತೆ ಮೆಟ್ಟಿಲು ಹತ್ತಿ, ಚುಕ್ಕೆಗಳ ನಕ್ಷೆಯ ಮೂರು ಪುಟಗಳನ್ನು ನನ್ನ ಫೋನಿನಲ್ಲಿ ಫೋಟೋ ತೆಗೆದೆ.

ಮರುದಿನ ಗಂಡನ ಅಂಗಿ ಕೊಟ್ಟು ಬರುತ್ತೇನೆ ಎಂದು ಹೇಳಿ ನಿಲಂಗಾ ಬಸ್ಸು ಹತ್ತಿದೆ. ಯಾವ ಕಚೇರಿಗೆ ಹೋದೆ, ಯಾವ ಸಾಹೇಬರನ್ನು ಕಂಡೆ ಎಂದು ಇಲ್ಲಿ ಬರೆಯುವುದಿಲ್ಲ; ಅವರು ತಮ್ಮ ಕೆಲಸ ಮಾಡಿದರು. ಫೋಟೋ ತೋರಿಸಿದೆ. ಗಡಿಯ ಊರಿನ ನಕ್ಷೆ, ಮನೆಮನೆಗೆ ಗುರುತು, ಬರೆದವಳು ಹೊರದೇಶದವಳು. ಅಷ್ಟು ಸಾಕಾಯಿತು. ಏನು ಅನುಮಾನ ನಿಮ್ಮದು ಎಂದು ಅವರು ಕೇಳಿದಾಗ, ನನಗೇನೂ ಗೊತ್ತಿಲ್ಲ ಸಾಹೇಬ, ನೋಡಿದೆ, ಹೇಳಬೇಕು ಅನ್ನಿಸಿತು ಎಂದೆ. ಹೊಲದ ಮಾತು ಎತ್ತಲಿಲ್ಲ. ನನ್ನ ಹೆಸರು ಎಲ್ಲಿಯೂ ಬಾರದಂತೆ ನೋಡಿಕೊಳ್ಳುವುದಾಗಿ ಅವರು ಹೇಳಿದರು, ಹಾಗೆಯೇ ಮಾಡಿದರು.

ನಾಲ್ಕನೆಯ ದಿನ ಜೀಪು ಬಂತು. ಬಂದ ಇಬ್ಬರೂ ಮರ್ಯಾದೆಯವರು. ಚಹಾ ಕುಡಿದರು, ನೋಟುಬುಕ್ಕುಗಳನ್ನೂ ಲ್ಯಾಪ್‌ಟಾಪನ್ನೂ ಎಣಿಸಿ ಚೀಟಿ ಬರೆದುಕೊಟ್ಟು ಒಯ್ದರು. ಇರ್ಮಾ ಅವರ ಜೊತೆ ಹೋಗುವಾಗ ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಮಾಣಿಕ ಕಾಕಾ ನನ್ನನ್ನು ನೋಡಿ ತಲೆ ಆಡಿಸಿದರು. ಅದು ಹೊಗಳಿಕೆಯೋ ಮರುಕವೋ ಇಂದಿಗೂ ತಿಳಿದಿಲ್ಲ. ಸರ್ ಉದಗೀರಿನಿಂದ ಓಡಿ ಬಂದು ಎರಡು ದಿನ ಅವಳ ಜೊತೆ ಕಚೇರಿಯಲ್ಲಿ ಕೂತರು. ಯಾವ ತಪ್ಪೂ ಸಿಗಲಿಲ್ಲ. ಆದರೂ ಇಂಥ ಭಾಗದಲ್ಲಿ ಈ ಕೆಲಸ ಮುಂದುವರಿಸುವುದು ಬೇಡ, ವಾರದೊಳಗೆ ಹೊರಡಬೇಕು ಎಂದಾಯಿತು.

ನೋಟುಬುಕ್ಕು ತಿರುಗಿ ಬಂದ ದಿನ ಇರ್ಮಾ ಪಡಸಾಲೆಯಲ್ಲಿ ಕೂತು ಒಂದೊಂದೇ ಪುಟ ತಿರುವಿದಳು. ಅತ್ತೆ ಮೊರದಲ್ಲಿ ಉದ್ದು ಹಸನು ಮಾಡುತ್ತಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

"ಒಂದು ಪುಟ ಇಲ್ಲ," ಎಂದಳು. "ಕಚೇರಿಯವರು ಹರದಿಲ್ಲ. ಅವರು ಪುಟ ಎಣಿಸಿ ಬರ್ದಾರ, ಅದರಾಗೂ ಕಡಿಮಿ ಅದ. ಇಲ್ಲಿಂದ ಹೋಗೂದಕ್ಕಿಂತ ಮೊದಲೇ ಹರದದ." ಅವಳ ಕಣ್ಣು ನಿಧಾನವಾಗಿ ನನ್ನ ಕಡೆ ಬರುತ್ತಿತ್ತು.

ಅತ್ತೆ ಮೊರ ಕೆಳಗಿಟ್ಟರು. ಅವರೂ ನನ್ನನ್ನು ಒಮ್ಮೆ ನೋಡಿದರು. ಒಂದೇ ಸಲ.

"ನಾ ಹರದೀನಿ," ಎಂದರು. "ಕಚೇರಿಗೂ ನಾನ ಹೇಳಿ ಕಳಸೀನಿ."

ಇರ್ಮಾ ನಂಬಲಿಲ್ಲ. "ಅವ್ವ, ನಿಮಗ ಓದ್ಲಿಕ್ಕ ಬರೂದಿಲ್ಲ. ಯಾವ ಪುಟ ಅಂತ ಹ್ಯಾಂಗ ಗೊತ್ತಾತು?"

"ನೀ ಬರೀಬೇಕಾದ್ರ ಬಾಜೂಕ ಕುಂತಾಕಿ ಯಾರು? ಭಾವಿ ತಗದಿದ್ದಿ, ಬೇವಿನ ಗಿಡ ತಗದಿದ್ದಿ. ನನ್ನ ಹೊಲ ನನಗ ಗುರ್ತು ಸಿಗೂದಿಲ್ಲೇನು? ಬಾಯಿಗಿ ಬಂದಂಗ ಹೇಳಿಬಿಟ್ಟೆ, ಆಮ್ಯಾಲ ಅಂಜಿಕಿ ಬಂತು. ಮಕ್ಕಳು ಮರಿ ಉಣ್ಣೂ ಹೊಲ. ನನ್ನ ತಪ್ಪು ನಾ ತಿದ್ದಿಕೊಂಡೆ. ನಿನಗ ಕೆಟ್ಟ ಆತು, ಖರೇ. ಅದಕ್ಕ ನಾ ಏನು ಹೇಳ್ಲಿ?"

ಇರ್ಮಾ ನೋಟುಬುಕ್ಕು ಮುಚ್ಚಿದಳು. ಅತ್ತೆಯ ಮುಂದೆ ಕೂತು ಅವರ ಕೈ ಹಿಡಿಯಲು ಹೋದಳು, ಅರ್ಧಕ್ಕೆ ನಿಲ್ಲಿಸಿದಳು, ಎದ್ದು ಮೆಟ್ಟಿಲು ಹತ್ತಿ ಹೋದಳು. ಬಾಯಿ ತೆರೆಯಲು ನನಗೆ ಆಗ ಸಮಯವಿತ್ತು. ಎಂಟು ಮೆಟ್ಟಿಲುಗಳಷ್ಟು ಸಮಯ. ತೆರೆಯಲಿಲ್ಲ.

ಉತ್ತರಿ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಅವಳನ್ನು ಉಮರ್ಗಾ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಸೊಲ್ಲಾಪುರದ ಬಸ್ಸು ತಡವಾಗಿತ್ತು. ಬಸ್ಸು ಬಂದಾಗ ನನ್ನ ಭುಜ ಹಿಡಿದು ಹೇಳಿದಳು: "ಮಹಾದೇವಿ, ಅವ್ವನ ಮ್ಯಾಲ ಸಿಟ್ಟು ಮಾಡಬ್ಯಾಡ. ವಯಸ್ಸಾದಾಕಿ, ಅಂಜ್ಯಾಳ. ಅಂಜಿದವ್ರು ಹಿಂಗ ಮಾಡ್ತಾರ. ನೀ ಆಕಿನ್ನ ಚೆಂದಾಗಿ ನೋಡ್ಕೋ."

ನೋಡ್ಕೋತೀನಿ ಎಂದೆ.

ಮನೆಗೆ ಬಂದು ಅತ್ತೆಯ ಮುಂದೆ ನಿಂತೆ. ಅಳಬೇಕೆಂದು ಬಂದಿದ್ದೆ, ಅಳು ಬರಲಿಲ್ಲ. "ಅತ್ತೀ, ಯಾಕ ಹಂಗ ಹೇಳಿದ್ರಿ?"

ಅವರು ತಲೆ ಎತ್ತಲಿಲ್ಲ. "ಆಕಿ ಹೋಗಾಕಿ. ನೀ ಇರಾಕಿ. ನಾ ಸಾಯೂತನ ಒಂದೇ ಒಲಿಮುಂದ ಕೂಡಬೇಕಾದದ್ದು ನಿನ್ನ ಜೋಡಿ, ಆಕಿ ಜೋಡಿ ಅಲ್ಲ. ಆಕಿ ಕಣ್ಣಾಗ ನಾ ಸಣ್ಣಾಕಿ ಆದ್ರ ನಡೀತದ. ಈ ಓಣಿ ಕಣ್ಣಾಗ ನೀ ಸಣ್ಣಾಕಿ ಆದ್ರ ನಡಿಯಂಗಿಲ್ಲ." ಆಮೇಲೆ, "ಹೋಗು, ಎಮ್ಮಿಗಿ ನೀರು ಇಡು," ಎಂದರು.

ಅದರ ಬಗ್ಗೆ ಮತ್ತೆ ಮಾತೆತ್ತಿಲ್ಲ, ಅವರೂ ನಾನೂ. ಖಾಜಿ ಹೊಲದಲ್ಲಿ ಈ ಸಲ ತೊಗರಿ ಇದೆ. ಒಂದು ಮಾತ್ರ ಬದಲಾಗಿದೆ. ಮೊದಲು ಅತ್ತೆ ನನ್ನ ಮುಂದೆ ಮಾತು ನಿಲ್ಲಿಸುತ್ತಿರಲಿಲ್ಲ. ಈಗ ಮಾತು ಎಷ್ಟೇ ಹದಕ್ಕೆ ಬಂದಿರಲಿ, ನಾನು ಫೋನು ಕೈಗೆ ತೆಗೆದುಕೊಂಡರೆ ಸಾಕು, ವಾಕ್ಯದ ನಡುವೆಯೇ ನಿಲ್ಲುತ್ತಾರೆ. ಫೋನು ಕೆಳಗಿಟ್ಟ ಮೇಲೆ ಉಳಿದದ್ದನ್ನು ಹೇಳುತ್ತಾರೆ. ನನ್ನ ಮೇಲಿನ ಪ್ರೀತಿ ಕಡಿಮೆಯಾಗಿದೆ ಎಂದು ನಾನು ಹೇಳಲಾರೆ. ನಂಬಿಕೆ ಎದ್ದು ಹೋಗಿದೆ.

ಈ ವರ್ಷದ ಯುಗಾದಿಯ ಮೇಲೆ ಇರ್ಮಾಗೆ ನಿಜ ಬರೆದೆ. ನೀರೊಲೆ, ಫೋಟೋ, ನಿಲಂಗಾ, ಮೆಟ್ಟಿಲು, ಎಲ್ಲ. ಎರಡು ತಿಂಗಳು ಉತ್ತರ ಬರಲಿಲ್ಲ. ಬಂದಾಗ ಚಿಕ್ಕದಿತ್ತು, ಕನ್ನಡದಲ್ಲೇ ಇತ್ತು. ಬೈದಿರಲಿಲ್ಲ. ಕ್ಷಮಿಸಿದೆ ಎಂದೂ ಬರೆದಿರಲಿಲ್ಲ. ತನ್ನ ಮುತ್ತಜ್ಜನ ಪುಸ್ತಕದ ಪೆಟ್ಟಿಗೆಯ ಬಗ್ಗೆ ಪೊಲೀಸರಿಗೆ ಹೇಳಿದವರು ಹೊರಗಿನವರಲ್ಲ, ಮುತ್ತಜ್ಜಿಯ ಸ್ವಂತ ತಂಗಿ ಎಂದು ಬರೆದಿದ್ದಳು. ಆಕೆ ಆಮೇಲೆಯೂ ಐವತ್ತು ವರ್ಷ ಅದೇ ಮನೆಯಲ್ಲಿ, ಅದೇ ಮೇಜಿಗೆ ಕೂತು ಉಂಡಳಂತೆ. ಎಲ್ಲರಿಗೂ ಗೊತ್ತಿತ್ತು. ಯಾರೂ ಆಕೆಯನ್ನು ಒಂದು ಮಾತು ಕೇಳಲಿಲ್ಲ. "ಆಕಿನ್ನ ಕೇಳ್ಬೇಕು ಅಂತ ಸಣ್ಣಾಕಿದ್ದಾಗಿಂದ ನನಗಿತ್ತು. ಆಕಿ ಸತ್ತಳು. ಈಗ ನಿನ್ನ ಕೇಳ್ತೀನಿ. ಹೇಳಿ ಹೊರಗ ಬಂದಾಗ ನಿನಗ ಏನು ಅನಿಸ್ತು? ಛಲೋದು ಬರೀಬ್ಯಾಡ. ಖರೇದು ಬರಿ."

ತಿಂಗಳಾಯಿತು, ಅವಳಿಗೆ ಉತ್ತರ ಬರೆದಿಲ್ಲ. ಎದೆ ಭಾರವಾಯಿತು, ಕಣ್ಣು ಕತ್ತಲೆ ಬಂತು ಎಂದು ಎರಡು ಸಲ ಬರೆದು ಅಳಿಸಿದೆ. ಹಾಗೇನೂ ಆಗಿರಲಿಲ್ಲ. ಆ ಕಚೇರಿಯಿಂದ ಹೊರಗೆ ಬಂದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ನಿಲಂಗಾದ ಬಸ್ ಸ್ಟ್ಯಾಂಡಿನ ಎದುರು ಒಬ್ಬ ಬಾಣಲೆಯಿಂದ ಮೆಣಸಿನಕಾಯಿ ಭಜಿ ತೆಗೆಯುತ್ತಿದ್ದ. ನನಗೆ ಹಸಿವಾಗಿತ್ತು. ನಿಂತು ಒಂದು ಪ್ಲೇಟು ತಿಂದೆ. ರುಚಿಯಾಗಿತ್ತು, ಇನ್ನೊಂದು ಪ್ಲೇಟು ಕೇಳಿ ತಿಂದೆ.